ಹಾವಿನ ಪೊರೆ, ಅಜ್ಜಿಯ ಚರ್ಮ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ‘ಸಾವು ಹುಟ್ಟಿದ ಕತೆಗಳು’ ಎಂದು ಪುಟಗಟ್ಟಲೆ ಪುರಾಣ ಹಾಕಿದ್ದೀರಿ. ಹಾವು ಪೊರೆ ಬಿಡುತ್ತದಂತೆ, ಮನುಷ್ಯ ಬಿಡಲ್ವಂತೆ, ಅದಕ್ಕೇ ಸಾಯುತ್ತಾನಂತೆ. ಮನುಷ್ಯನ ಜೀವಕೋಶ ಸುಮಾರು 40ರಿಂದ 60 ಸಲ ಒಡೆದು ಎರಡಾಗುತ್ತಾ ಹೋಗಿ ಆಮೇಲೆ ನಿಂತುಬಿಡುತ್ತದೆ ಎಂದು ಅಮೆರಿಕದ ವಿಜ್ಞಾನಿ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದಾರೆ. ಪುರಾಣ ಎಂದರೆ ವಿಜ್ಞಾನ ಬರುವ ಮೊದಲು ಮನುಷ್ಯ ಮಾಡಿದ ಊಹೆ. ಅದರ ಕೆಲಸ ಮುಗಿದಿದೆ. ಇನ್ನೂ ಯಾಕೆ ಅಚ್ಚು ಹಾಕುತ್ತೀರಿ?
– ಒಬ್ಬ ವಿಜ್ಞಾನ ಶಿಕ್ಷಕ

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ನನಗೆ ಬಹಳ ಹಿಡಿಸಿತು. ಸಿಟ್ಟಿನಲ್ಲಿ ಬರೆದಿದ್ದರೂ ಹೆಸರು, ಇಸವಿ, ಅಂಕಿ ಒಂದನ್ನೂ ತಪ್ಪಿಸಿಲ್ಲ. ಇಂಥ ಮೇಷ್ಟ್ರು ಸಿಕ್ಕ ಮಕ್ಕಳು ಪುಣ್ಯವಂತರು.

ನಿಮ್ಮ ಮಾತಿನಲ್ಲಿ ನಿಜ ಇದೆ. ಜ್ವರ ಬಂದವರಿಗೆ ಔಷಧಿ ಬೇಕು, ಕತೆ ಸಾಲದು. ಕತೆಯನ್ನೇ ದೊಣ್ಣೆ ಮಾಡಿಕೊಂಡವರೂ ಇದ್ದಾರೆ. ಶುದ್ಧ ರಕ್ತದ ಜನಾಂಗ ಎಂಬ ಕತೆ ಕಟ್ಟಿಕೊಂಡೇ ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದರು. ಇದನ್ನು ನಾನು ಮರೆತಿಲ್ಲ.

ಆದರೆ ಪುರಾಣ ಎಂದರೆ ಹಳೇ ಕಾಲದ ವಿಜ್ಞಾನ ಎನ್ನುವ ವಾದ ಇದೆಯಲ್ಲ, ಅದಕ್ಕೂ ಈಗ ವಯಸ್ಸಾಗಿದೆ. 19ನೇ ಶತಮಾನದಲ್ಲಿ ಯುರೋಪಿನ ಪಂಡಿತರು ಪುಸ್ತಕಗಳ ನಡುವೆ ಕೂತು ಹೇಳಿದ ಮಾತು ಅದು. ಗುಡುಗು ಯಾಕೆ, ಗ್ರಹಣ ಯಾಕೆ ಎಂದು ಹಿಂದಿನವರು ತಲೆ ಕೆರೆದುಕೊಂಡರು, ಗೊತ್ತಾಗಲಿಲ್ಲ, ಕತೆ ಕಟ್ಟಿದರು ಅಂತ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಎಂಬ ಪೋಲೆಂಡ್ ಮೂಲದ ವಿದ್ವಾಂಸರು ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹಾಕಿ ಉಳಿದರು. ಅಲ್ಲಿನ ಭಾಷೆ ಕಲಿತರು. ಆ ಜನಕ್ಕೆ ಮಣ್ಣು, ಮಳೆ, ಗಾಳಿ, ಗೆಡ್ಡೆ ಬೆಳೆಯುವ ಬಗೆ ಎಲ್ಲ ಚೆನ್ನಾಗಿ ಗೊತ್ತಿತ್ತು. ಅದಕ್ಕೆಲ್ಲ ಅವರು ಪುರಾಣವನ್ನು ಕೇಳಿಕೊಂಡು ಹೋಗುತ್ತಿರಲಿಲ್ಲ. ಈ ನೆಲ ಯಾರದು, ಈ ಆಚರಣೆ ಯಾಕೆ ಬಿಡಬಾರದು, ಸತ್ತವರು ನಮಗೆ ಏನಾಗಬೇಕು ಎಂಬಲ್ಲಿ ಮಾತ್ರ ಪುರಾಣ ಬಾಯಿಗೆ ಬರುತ್ತಿತ್ತು. ಪುರಾಣದ ಕೆಲಸ ವಿವರಣೆ ಕೊಡುವುದಲ್ಲ ಎಂದು ಅವರು 1926ರಲ್ಲಿ ಖಡಾಖಂಡಿತವಾಗಿ ಬರೆದರು.

ನೀವು ಗೇಲಿ ಮಾಡಿದ ಪೊರೆಯ ಕತೆ ಅವರು ಅಲ್ಲಿ ಕೇಳಿದ್ದೇ. ಒಂದು ಸಾಲಿನಲ್ಲಿ ನೀವು ಅದನ್ನು ಮುಗಿಸಿಬಿಟ್ಟಿದ್ದೀರಿ. ಪೂರ್ತಿ ಕೇಳಿ.

ಆಗ ಮನುಷ್ಯರೂ ಹಾವಿನ ಹಾಗೆ ಪೊರೆ ಬಿಡುತ್ತಿದ್ದರು, ಮುದುಕರು ಮತ್ತೆ ಹರೆಯಕ್ಕೆ ಬರುತ್ತಿದ್ದರು. ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಸ್ನಾನಕ್ಕೆ ಹೋದಳು. ಮರೆಗೆ ಹೋಗಿ ಚರ್ಮ ಕಳಚಿದಳು. ಅದು ನೀರಿನಲ್ಲಿ ತೇಲಿಹೋಗಿ ಒಂದು ಪೊದೆಗೆ ಸಿಕ್ಕಿಕೊಂಡಿತು. ಅಜ್ಜಿ ಈಗ ಹುಡುಗಿ. ವಾಪಸ್ ಬಂದರೆ ಮೊಮ್ಮಗಳಿಗೆ ಗುರುತೇ ಸಿಗಲಿಲ್ಲ. ಹೆದರಿಕೊಂಡು, ಹೋಗು ಹೋಗು ಎಂದು ಓಡಿಸಿದಳು. ಅಜ್ಜಿಗೆ ಅವಮಾನವಾಯಿತು, ಸಿಟ್ಟೂ ಬಂತು. ಹೋಗಿ ಪೊದೆಯಲ್ಲಿದ್ದ ಹಳೇ ಚರ್ಮವನ್ನು ಹುಡುಕಿ ತೊಟ್ಟುಕೊಂಡು ಬಂದಳು. ಈಗ ಮೊಮ್ಮಗಳಿಗೆ ಗುರುತು ಸಿಕ್ಕಿತು. ಯಾರೋ ಹುಡುಗಿ ಬಂದಿದ್ದಳು, ಓಡಿಸಿಬಿಟ್ಟೆ ಅಂದಳು. ನಿನಗೆ ನನ್ನ ಗುರುತು ಬೇಡವಾಯಿತು ತಾನೇ, ಇನ್ನು ನೀನು ಮುದುಕಿಯಾಗುತ್ತೀಯ, ನಾನು ಸಾಯುತ್ತೇನೆ ಅಂದಳು ಅಜ್ಜಿ.

ಇದರಲ್ಲಿ ಜೀವಕೋಶಕ್ಕೆ ಪೈಪೋಟಿ ಕೊಡುವ ಮಾತು ಎಲ್ಲಿದೆ, ಮೇಷ್ಟ್ರೇ? ಮತ್ತೆ ಹರೆಯಕ್ಕೆ ಬಂದ ಅಜ್ಜಿ ಮೊಮ್ಮಗಳಿಗೆ ಅಜ್ಜಿಯಾಗಿ ಉಳಿಯಲಿಲ್ಲ. ಯಾರೂ ಸಾಯದೆ, ಎಲ್ಲರೂ ಮತ್ತೆ ಮತ್ತೆ ಹುಡುಗರಾಗುತ್ತಾ ಹೋದರೆ ಅಮ್ಮ, ಮಗಳು, ಅಜ್ಜಿ ಎಂಬ ಸಂಬಂಧಗಳ ಗತಿ ಏನು? ನಾವು ಒಬ್ಬರನ್ನೊಬ್ಬರು ಗುರುತು ಹಿಡಿಯುವುದೇ ಮುಪ್ಪಿನ ಜೊತೆ ಅಲ್ವಾ? ಆ ಪ್ರೀತಿಗೆ ತೆರಬೇಕಾದ ಬೆಲೆಯನ್ನು ಆ ಕತೆ ಹೇಳುತ್ತಿದೆ. ಹೇಫ್ಲಿಕ್ ತಮ್ಮ ಪ್ರಯೋಗಾಲಯದಲ್ಲಿ ಇದನ್ನು ಹುಡುಕಲೂ ಇಲ್ಲ. ಅದು ಅವರ ಕೆಲಸ ಆಗಿರಲಿಲ್ಲ.

ನನ್ನ ಅಮ್ಮ ತೀರಿಕೊಂಡಾಗ ವೈದ್ಯರು ನನ್ನನ್ನು ಕೂರಿಸಿಕೊಂಡು ಕಾರಣವನ್ನು ಬಿಡಿಸಿ ಹೇಳಿದರು. ಒಂದು ಮಾತೂ ಸುಳ್ಳಲ್ಲ, ಎಲ್ಲ ಅರ್ಥವಾಯಿತು. ಆದರೂ ತಿಂಗಳುಗಟ್ಟಲೆ ‘ಯಾಕೆ’ ಅಂತ ಕೇಳಿಕೊಳ್ಳುತ್ತಲೇ ಇದ್ದೆ. ವೈದ್ಯರು ಉತ್ತರ ಕೊಟ್ಟಿದ್ದು ಬೇರೆ ಪ್ರಶ್ನೆಗೆ.

ಆಗ ನನ್ನ ಕೈ ಹಿಡಿದವನು ಉರುಕ್ ಪಟ್ಟಣದ ರಾಜ ಗಿಲ್ಗಮೆಶ್. ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕ್ ಕಡೆಯ, ಬಹಳ ಹಳೇ ಕತೆ. ಅವನ ಜೀವದ ಗೆಳೆಯ ಎಂಕಿಡು ಸಾಯುತ್ತಾನೆ. ಗಿಲ್ಗಮೆಶ್ ಹೆಣವನ್ನು ಮಣ್ಣಿಗೆ ಕೊಡುವುದಿಲ್ಲ. ಆರು ಹಗಲು, ಏಳು ರಾತ್ರಿ ಪಕ್ಕದಲ್ಲೇ ಕೂತು ಅಳುತ್ತಾನೆ. ಕೊನೆಗೆ ಗೆಳೆಯನ ಮೂಗಿನಿಂದ ಒಂದು ಹುಳ ಉದುರುತ್ತದೆ. ಆಗ ಬಿಡುತ್ತಾನೆ. ಆ ಹುಳವನ್ನು ಕಂಡು ಹೆದರಿ, ಸಾಯದೇ ಇರುವ ದಾರಿ ಹುಡುಕಿಕೊಂಡು ಲೋಕದ ಕೊನೆಯವರೆಗೆ ಹೋಗುತ್ತಾನೆ. ನೀರಿನ ತಳದಿಂದ ಹರೆಯ ಮರಳಿಸುವ ಗಿಡ ತರುತ್ತಾನೆ. ದಾರಿಯಲ್ಲಿ ತಣ್ಣನೆ ಕೊಳ ಕಂಡು ಸ್ನಾನಕ್ಕೆ ಇಳಿದಾಗ ಹಾವೊಂದು ಗಿಡವನ್ನು ಕದ್ದು, ಪೊರೆ ಬಿಟ್ಟು ಹೋಗಿಬಿಡುತ್ತದೆ. ನೋಡಿ, ಇಲ್ಲೂ ಹಾವು, ಇಲ್ಲೂ ಸ್ನಾನ. ಆ ದ್ವೀಪಕ್ಕೂ ಈ ಉರುಕ್‌ಗೂ ಸಾವಿರಾರು ಮೈಲಿ, ಸಾವಿರಾರು ವರ್ಷ.

ಈ ಕತೆ ನಮ್ಮ ಕಾಲಕ್ಕೆ ಸಿಕ್ಕ ಬಗೆ ಕೇಳಿದರೆ ನನಗೆ ಈಗಲೂ ಬೇಜಾರಾಗುತ್ತದೆ. ಜಾರ್ಜ್ ಸ್ಮಿತ್ ಎಂಬಾತ ನೋಟು ಅಚ್ಚಿಗೆ ಕೆತ್ತನೆ ಕಲಿತವನು. ಓದಿನ ಹುಚ್ಚು ಅವನನ್ನು ಬ್ರಿಟಿಷ್ ಮ್ಯೂಸಿಯಂಗೆ ಎಳೆದು ತಂದಿತು. ಅದೇ ಸೀಮೆಯ ಹಳೇ ಪಟ್ಟಣ ನಿನೆವೆಯ ಜೇಡಿಮಣ್ಣಿನ ಫಲಕಗಳನ್ನು ಓದುತ್ತಾ ಓದುತ್ತಾ ಅವನಿಗೆ ಈ ಗಿಲ್ಗಮೆಶ್ ಕತೆಯೊಳಗೇ ಒಂದು ಮಹಾಪ್ರಳಯದ ಕತೆ ಸಿಕ್ಕಿತು. 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಅದನ್ನು ಓದಿದ. ಕೇಳಲು ಪ್ರಧಾನಿ ಗ್ಲ್ಯಾಡ್‌ಸ್ಟನ್ ಬಂದು ಕೂತಿದ್ದರು. ಊರೆಲ್ಲ ಗುಲ್ಲು. ಬೈಬಲ್ಲಿನ ಪ್ರಳಯ ನಿಜ ಅಂತಾಯಿತು ಎಂದರು ಕೆಲವರು. ಇಲ್ಲ, ಬೈಬಲ್ಲೇ ಇಲ್ಲಿಂದ ಎತ್ತಿಕೊಂಡಿದೆ ಎಂದರು ಇನ್ನು ಕೆಲವರು. ಪತ್ರಿಕೆಯೊಂದು ದುಡ್ಡು ಕೊಟ್ಟು ಸ್ಮಿತ್‌ನನ್ನು ಇನ್ನಷ್ಟು ಫಲಕ ಹುಡುಕಲು ಕಳಿಸಿತು. ಆ ಗಲಾಟೆಯಲ್ಲಿ ಹೆಣದ ಪಕ್ಕ ಕೂತು ಅಳುತ್ತಿದ್ದವನು ಯಾರಿಗೂ ಬೇಕಾಗಲಿಲ್ಲ.

ಇವತ್ತೂ ಅದೇ. ನನ್ನ ಮೇಜಿನ ಮೇಲೆ ಬರುವ ಹಸ್ತಪ್ರತಿಗಳಲ್ಲಿ ಒಂದು ರಾಶಿ ‘ಎಲ್ಲ ಸುಳ್ಳು’ ಎನ್ನುತ್ತದೆ. ಇನ್ನೊಂದು ರಾಶಿ ‘ಎಲ್ಲ ನಿಜ, ವಿಮಾನ ಆಗಲೇ ಇತ್ತು, ಇಸವಿ ಸಮೇತ ಲೆಕ್ಕ ಕೊಡುತ್ತೇನೆ’ ಎನ್ನುತ್ತದೆ. ಈ ಎರಡನೇ ಗುಂಪು ನಿಮಗಿಂತ ಜಾಸ್ತಿ ನನ್ನನ್ನು ನೋಯಿಸುತ್ತದೆ, ಯಾಕೆಂದರೆ ಪುರಾಣದ ಮೇಲೆ ಪ್ರೀತಿ ಇದೆ ಎಂದುಕೊಂಡೇ ಅವರು ಅದನ್ನು ಕೊಲ್ಲುತ್ತಾರೆ. ಕೊಳದ ದಡದಲ್ಲಿ ನಾಲ್ವರು ತಮ್ಮಂದಿರು ಸತ್ತು ಬಿದ್ದಿರುವಾಗ ಧರ್ಮರಾಯನನ್ನು ಯಕ್ಷ ಕೇಳುತ್ತಾನೆ: ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಯಾವುದು? ದಿನವೂ ಜನ ಸಾಯುತ್ತಾರೆ, ಉಳಿದವರು ತಾವು ಮಾತ್ರ ಇಲ್ಲೇ ಇರುತ್ತೇವೆ ಅಂದುಕೊಳ್ಳುತ್ತಾರೆ, ಅದೇ ಆಶ್ಚರ್ಯ ಎನ್ನುತ್ತಾನೆ ಅವನು. ಈ ಮಾತು ಕೇಳಿ ಎದೆ ಝಲ್ ಎನ್ನದೆ, ಆ ಕೊಳ ಯಾವ ತಾಲ್ಲೂಕಿನಲ್ಲಿದೆ ಎಂದು ಹುಡುಕುವವರಿಗೆ ಏನು ಹೇಳಲಿ?

ಮಕ್ಕಳಿಗೆಂದು ಕತ್ತರಿಸಿದ ಪುಸ್ತಕಗಳದ್ದು ಇನ್ನೊಂದು ಕತೆ. ಸಾವು ಬಂದ ಕಡೆ ಕತ್ತರಿ, ಕೊನೆಯಲ್ಲಿ ‘ನೀತಿ’ ಎಂದು ಒಂದು ಸಾಲು. ಮಗುವಿಗೆ ಹೆದರಿಕೆ ಆಗಬಾರದಂತೆ. ಮಗುವಿಗೆ ಸಾವಿನ ಹೆದರಿಕೆ ಮೊದಲೇ ಇರುತ್ತದೆ. ಅದನ್ನು ಹೇಳಿಕೊಳ್ಳಲು ಒಂದು ಕತೆ ಇತ್ತು, ಈಗ ಅದೂ ಇಲ್ಲ.

ಆದ್ದರಿಂದ ಮಾಲಿಕೆ ನಿಲ್ಲುವುದಿಲ್ಲ. ಮುಂದಿನ ಸಂಚಿಕೆಗೆ ಗ್ರೀಕರ ಟಿಥೋನಸ್ ಬರುತ್ತಾನೆ. ಅವನಿಗೆ ಸಾವು ಬೇಡ ಎಂದು ಉಷೆಯ ದೇವತೆ ವರ ಬೇಡಿದಳು, ಮುಪ್ಪು ಬೇಡ ಎನ್ನಲು ಮರೆತಳು. ನೀವು ಹೇಫ್ಲಿಕ್ ಬಗ್ಗೆ, ಕೋಶ ಒಡೆಯುವುದು ಯಾಕೆ ನಿಲ್ಲುತ್ತದೆ ಎಂಬುದರ ಬಗ್ಗೆ, ನಿಮ್ಮ ತರಗತಿಯಲ್ಲಿ ಹೇಳುವ ಹಾಗೆಯೇ ಎರಡು ಪುಟ ಬರೆದು ಕಳಿಸಿ. ಎದುರುಬದುರು ಪುಟದಲ್ಲಿ ಅಚ್ಚು ಹಾಕುತ್ತೇವೆ. ತಿಂಗಳ 20ರೊಳಗೆ ಕೈ ಸೇರಲಿ.