ಅಣ್ವಸ್ತ್ರದ ನೆರೆಹೊರೆ: ಓದುಗರು ಕೇಳಿದ್ದು

ಪ್ರಶ್ನೆ: ಅಣುಬಾಂಬ್ ಇಟ್ಟುಕೊಂಡ ಎರಡು ದೇಶಗಳು ನೇರವಾಗಿ ಕಾದಾಡುವುದಿಲ್ಲ ಅಂತ ಕಾಲೇಜಿನಲ್ಲಿ ಓದಿದ್ದೆ. ಹಾಗಾದರೆ ಕಾರ್ಗಿಲ್ ಏನು? (ದಾವಣಗೆರೆ)

ಉತ್ತರ: ಕಾದಾಡಿವೆ. ಮೊದಲನೆಯದು 1969ರ ಮಾರ್ಚ್‌ನಲ್ಲಿ. ಗಡಿಯಲ್ಲಿ ಹರಿಯುವ ಉಸ್ಸುರಿ ನದಿಯ ಒಂದು ಪುಟ್ಟ ನಡುಗಡ್ಡೆಗಾಗಿ ಸೋವಿಯತ್ ಮತ್ತು ಚೀನಾ ಸೈನಿಕರು ಬಡಿದಾಡಿದರು. ಆಗ ಚೀನಾ ಬಾಂಬ್ ಪರೀಕ್ಷಿಸಿ ಐದು ವರ್ಷವೂ ಆಗಿರಲಿಲ್ಲ. ಜಗಳ ನಿಲ್ಲಿಸೋಣವೆಂದು ಸೋವಿಯತ್ ಪ್ರಧಾನಿ ಕೊಸಿಗಿನ್ ಬೀಜಿಂಗ್‌ಗೆ ಫೋನ್ ಮಾಡಿಸಿದರೆ, ಅಲ್ಲಿನ ಆಪರೇಟರ್ ಲೈನ್ ಕೊಡಲೇ ಇಲ್ಲ! ಕೊನೆಗೆ ಸೆಪ್ಟೆಂಬರ್ 11ರಂದು ಬೀಜಿಂಗ್ ವಿಮಾನ ನಿಲ್ದಾಣದಲ್ಲೇ ಚೀನಾ ಪ್ರಧಾನಿ ಚೌ ಎನ್‌ಲಾಯ್ ಜೊತೆ ಕೂತು ಮಾತಾಡಬೇಕಾಯಿತು.

ಎರಡನೆಯದು 1999ರ ಕಾರ್ಗಿಲ್. ನಮ್ಮ 527 ಯೋಧರು ಹುತಾತ್ಮರಾದರು. ಅದು ದೊಡ್ಡ ಯುದ್ಧವಾಗದಂತೆ ತಡೆದದ್ದರಲ್ಲಿ ಒಂದು ಆದೇಶದ ಪಾಲು ದೊಡ್ಡದು: ವಾಯುಪಡೆ ಗಡಿ ನಿಯಂತ್ರಣ ರೇಖೆ ದಾಟಕೂಡದು. ಪೈಲಟ್‌ಗಳಿಗೆ ಇದರಿಂದ ಕೈ ಕಟ್ಟಿದಂತಾಯಿತು. ಗುರಿಯತ್ತ ಅನುಕೂಲವಾದ ದಿಕ್ಕಿನಿಂದ ಬರುವಂತಿಲ್ಲ, ತಿರುಗಲು ಜಾಗ ಕಡಿಮೆ. ಮೊದಲ ಮೂರು ದಿನಗಳಲ್ಲೇ ಎರಡು ಯುದ್ಧವಿಮಾನ, ಒಂದು ಹೆಲಿಕಾಪ್ಟರ್ ಕಳೆದುಕೊಂಡೆವು. ಆದರೂ ಆದೇಶ ಬದಲಾಗಲಿಲ್ಲ. ಅದನ್ನು ಪುಕ್ಕಲುತನ ಎನ್ನುವವರು ಈಗಲೂ ಇದ್ದಾರೆ. ಲೆಕ್ಕಾಚಾರ ಗೊತ್ತಿದ್ದವರು ಹಾಗೆನ್ನುವುದಿಲ್ಲ.

2025ರ ಮೇ ತಿಂಗಳಲ್ಲಿ ಆ ಗೆರೆ ಉಳಿಯಲಿಲ್ಲ. ನಾಲ್ಕು ದಿನಗಳಲ್ಲಿ ಎರಡೂ ಕಡೆಯವರು ಪರಸ್ಪರರ ವಾಯುನೆಲೆಗಳವರೆಗೂ ಹೋದರು. ರಾವಲ್ಪಿಂಡಿಯ ಚಕ್ಲಾಲಾದಲ್ಲಿರುವ ನೂರ್ ಖಾನ್ ನೆಲೆಯೂ ಅದರಲ್ಲಿ ಒಂದು. ಪಾಕಿಸ್ತಾನದ ಅಣ್ವಸ್ತ್ರಗಳನ್ನು ನೋಡಿಕೊಳ್ಳುವ ಸ್ಟ್ರಾಟೆಜಿಕ್ ಪ್ಲಾನ್ಸ್ ಡಿವಿಷನ್ನಿನ ಕಚೇರಿಯೂ ಚಕ್ಲಾಲಾದಲ್ಲೇ. ನಾವು ರನ್‌ವೇಗೆ ಗುರಿಯಿಟ್ಟೆವು ಎಂದುಕೊಂಡದ್ದನ್ನು ಅವರು ‘ನಮ್ಮ ಬಾಂಬಿನ ಕೀಲಿಕೈಗೇ ಕೈ ಹಾಕಿದರು’ ಎಂದು ಓದಿಕೊಂಡರೆ? ಅಪಾಯ ಇರುವುದು ಅಲ್ಲಿ.

ಪ್ರಶ್ನೆ: 2022ರಲ್ಲಿ ನಮ್ಮ ಕ್ಷಿಪಣಿ ಕೈತಪ್ಪಿ ಪಾಕಿಸ್ತಾನದೊಳಗೆ ಬಿತ್ತು. ಯುದ್ಧ ಯಾಕಾಗಲಿಲ್ಲ? (ಹುಬ್ಬಳ್ಳಿ)

ಉತ್ತರ: ಸ್ವಲ್ಪ ವಿವರವಾಗಿಯೇ ನೋಡೋಣ, ಏಕೆಂದರೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

2022ರ ಮಾರ್ಚ್ 9ರ ಸಂಜೆ. ಪಾಕಿಸ್ತಾನಿ ಸೇನೆ ಕೊಟ್ಟ ಲೆಕ್ಕದ ಪ್ರಕಾರ ಅವರ ರಾಡಾರ್‌ಗೆ ವಸ್ತು ಕಂಡದ್ದು 6 ಗಂಟೆ 43 ನಿಮಿಷಕ್ಕೆ, ಅದು ಮಿಯಾಂ ಚನ್ನೂ ಬಳಿ ಬಿದ್ದದ್ದು 6.50ಕ್ಕೆ. ಗಡಿಯಿಂದ 124 ಕಿ.ಮೀ. ಒಳಗೆ. ಒಟ್ಟು ಏಳು ನಿಮಿಷ! ಅಷ್ಟರಲ್ಲಿ ಯಾರೋ ಒಬ್ಬರು ಅದು ಏನು, ಎಲ್ಲಿಗೆ, ಹಿಂದೆ ಇನ್ನಷ್ಟು ಬರುತ್ತಿವೆಯೇ ಎಂದು ತೀರ್ಮಾನಿಸಬೇಕು. ಸಿಡಿತಲೆ ಮಾಮೂಲಿಯದೋ ಅಣುವಿನದೋ, ಅಥವಾ ಸಿಡಿತಲೆಯೇ ಇಲ್ಲವೋ, ರಾಡಾರ್ ಪರದೆ ಹೇಳುವುದಿಲ್ಲ. ಅದರಲ್ಲಿ ಕಾಣುವುದು ವೇಗ, ಎತ್ತರ, ದಿಕ್ಕು ಅಷ್ಟೇ.

ತಪ್ಪಾದದ್ದು ಎಲ್ಲಿ? ವಾಯುಪಡೆ ದೆಹಲಿ ಹೈಕೋರ್ಟಿಗೆ ಕೊಟ್ಟ ಉತ್ತರದಲ್ಲಿ ಅದಿದೆ. ಲಾಂಚರ್ ವಾಹನದಲ್ಲಿದ್ದ ಕ್ಷಿಪಣಿಗಳ ಕಾಂಬ್ಯಾಟ್ ಕನೆಕ್ಟರ್‌ಗಳು ಜಂಕ್ಷನ್ ಬಾಕ್ಸಿಗೆ ಸಿಕ್ಕಿಸಿದಂತೆಯೇ ಇದ್ದವು. ಕಳಚಿಡಬೇಕಾಗಿದ್ದ ಪ್ಲಗ್ ಕಳಚಿರಲಿಲ್ಲ ಎನ್ನಿ. 2022ರ ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳನ್ನು ವಜಾ ಮಾಡಲಾಯಿತು.

ಯುದ್ಧವಾಗದ್ದಕ್ಕೆ ಕಾರಣಗಳು ಮಾಮೂಲಿಯವೇ: ಬಂದದ್ದು ಒಂದೇ ಒಂದು ಕ್ಷಿಪಣಿ, ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ, ಗಡಿಯಲ್ಲಿ ಆಗ ಬಿಸಿ ಇರಲಿಲ್ಲ. ಇದೇ ಪ್ಲಗ್ ಇದೇ ತರಹ 2025ರ ಮೇ 9ರ ರಾತ್ರಿ ಉಳಿದುಬಿಟ್ಟಿದ್ದರೆ ಆ ಏಳು ನಿಮಿಷ ಬೇರೆಯೇ ಆಗಿರುತ್ತಿತ್ತು.

ಇನ್ನೊಂದು ತೂತು ಒಪ್ಪಂದದಲ್ಲೇ ಇದೆ. 2005ರಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದದಂತೆ ಕ್ಷಿಪಣಿ ಪರೀಕ್ಷೆಗೆ ಕನಿಷ್ಠ 3 ದಿನ ಮುಂಚೆ ಪರಸ್ಪರ ತಿಳಿಸಬೇಕು. ಉಡಾವಣೆಯ ಜಾಗ ಗಡಿಯಿಂದ 40 ಕಿ.ಮೀ., ಬೀಳುವ ಜಾಗ 75 ಕಿ.ಮೀ. ದೂರವಿರಬೇಕು. ಆದರೆ ಅದು ಮೇಲಕ್ಕೆ ಚಿಮ್ಮಿ ಬಾಗಿ ಬೀಳುವ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ. ಅಂದು ಕೈತಪ್ಪಿದ ನಮ್ಮ ಬ್ರಹ್ಮೋಸ್, ಪಾಕಿಸ್ತಾನದ ಬಾಬರ್‌ನಂಥ, ವಿಮಾನದಂತೆ ಹಾರಿಹೋಗುವ ಕ್ರೂಸ್ ಕ್ಷಿಪಣಿಗಳು ಅದರ ಹೊರಗೆ. ಇನ್ನು ಎರಡೂ ಸೇನೆಗಳ ಡಿಜಿಎಂಒಗಳ (ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ) ನಡುವಿನ ಹಾಟ್‌ಲೈನ್ ಇದ್ದೇ ಇದೆ, ಮಂಗಳವಾರದ ಮಾತುಕತೆಯೂ ವಾಡಿಕೆ. ಹೀಗಿದ್ದರೂ ಭಾರತದ ಅಧಿಕೃತ ಹೇಳಿಕೆ ಬಂದದ್ದು ಮಾರ್ಚ್ 11ಕ್ಕೆ, ಪಾಕಿಸ್ತಾನ ಪತ್ರಿಕಾಗೋಷ್ಠಿ ಮಾಡಿದ ಮರುದಿನ. ಎರಡು ದಿನ ಬಹಳವಾಯಿತು. ಅದೇ ಲೈನ್ 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ರಿಂಗಾಯಿತು, ಸಂಜೆ 5ಕ್ಕೆ ಗುಂಡು ನಿಲ್ಲಿಸಲು ಒಪ್ಪಿಗೆಯಾಯಿತು.

ಪ್ರಶ್ನೆ: ಪ್ರಧಾನಿ ಮೇಜಿನ ಮೇಲೆ ನಿಜವಾಗಿಯೂ ಬಟನ್ ಇರುತ್ತದೆಯೇ? (ತುಮಕೂರು)

ಉತ್ತರ: ಇಲ್ಲ. 2003ರ ಜನವರಿ 4ರಂದು ಪ್ರಕಟವಾದ ನೀತಿಯಂತೆ ಅನುಮತಿ ಕೊಡುವ ಅಧಿಕಾರ ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿಯದು. ಮೊದಲು ನಾವು ಬಳಸುವುದಿಲ್ಲ ಎಂಬ ಮಾತು ಇರುವುದೂ ಅದರಲ್ಲೇ. ಪಾಕಿಸ್ತಾನ ಆ ಮಾತು ಕೊಟ್ಟಿಲ್ಲ.

ಪ್ರಶ್ನೆ: ನಮ್ಮ ಊರಿನಲ್ಲಿ ಕಳೆದ ವರ್ಷ ಸೈರನ್ ಕೂಗಿಸಿ ಅಣಕು ಕಾರ್ಯಾಚರಣೆ ಮಾಡಿದರು. ಕೈಗಾ ಪಕ್ಕದಲ್ಲೇ ಇದೆ. ಅದರ ಮೇಲೆ ದಾಳಿಯಾದರೆ? (ಕಾರವಾರ)

ಉತ್ತರ: ಅಣುಸ್ಥಾವರಗಳ ಮೇಲೆ ಪರಸ್ಪರ ದಾಳಿ ಮಾಡುವುದಿಲ್ಲವೆಂದು ಎರಡೂ ದೇಶಗಳು 1988ರ ಡಿಸೆಂಬರ್ 31ರಂದು ಸಹಿ ಹಾಕಿವೆ. 1992ರಿಂದ ಪ್ರತಿ ಜನವರಿ 1ರಂದು ತಮ್ಮ ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತಾ ಬಂದಿವೆ. ಕಾರ್ಗಿಲ್ ಆದ ಆರು ತಿಂಗಳಿಗೂ ಇದು ತಪ್ಪಲಿಲ್ಲ. ವಿದ್ಯುತ್ ರಿಯಾಕ್ಟರ್‌ಗಳು ಈ ಒಪ್ಪಂದದ ವ್ಯಾಪ್ತಿಯಲ್ಲೇ ಬರುತ್ತವೆ. ಹಾಗೆಂದು ಕಾಗದ ಕ್ಷಿಪಣಿ ತಡೆಯುವುದಿಲ್ಲ, ಅಣಕು ಕಾರ್ಯಾಚರಣೆ ಬೇಕೇ ಬೇಕು. ಅಯೋಡಿನ್ ಮಾತ್ರೆಯನ್ನು ಜಿಲ್ಲಾಡಳಿತ ಹೇಳಿದಾಗ ಮಾತ್ರ ನುಂಗಿ. ಅದು ಕಾಪಾಡುವುದು ಥೈರಾಯ್ಡ್ ಗ್ರಂಥಿಯನ್ನು, ಅದೂ ರೇಡಿಯೊ ಅಯೋಡಿನ್‌ನಿಂದ ಮಾತ್ರ.

ಪ್ರಶ್ನೆ: ಬಾಂಬ್ ಬಿದ್ದೇಬಿಟ್ಟರೆ ಸಾಮಾನ್ಯರು ಮಾಡುವುದಕ್ಕೆ ಏನಾದರೂ ಇದೆಯಾ? (ಬೆಂಗಳೂರು)

ಉತ್ತರ: ಬಿದ್ದ ಜಾಗದ ಹತ್ತಿರದವರಿಗೆ ಏನೂ ಇಲ್ಲ. ಕೆಲವು ಕಿಲೋಮೀಟರ್ ಆಚೆ ಇರುವವರಿಗೆ ಬಹಳ ಇದೆ. ಬಾಂಬ್ ನೆಲಮಟ್ಟದಲ್ಲಿ ಸಿಡಿದರೆ ಮೇಲೆದ್ದ ಮಣ್ಣು ವಿಕಿರಣದ ಧೂಳಾಗಿ ಗಾಳಿ ಬೀಸಿದ ಕಡೆ ಉದುರುತ್ತದೆ. ಹತ್ತಿರದ ಊರುಗಳಲ್ಲಿ ಹತ್ತು ಹದಿನೈದು ನಿಮಿಷದಲ್ಲೇ ಶುರುವಾಗಬಹುದು. ಆ ಧೂಳಿನ ತೀವ್ರತೆ ಬೇಗ ಇಳಿಯುತ್ತದೆ: ಸಮಯ ಏಳು ಪಟ್ಟಾದಾಗ ವಿಕಿರಣ ಹತ್ತನೇ ಒಂದು ಪಾಲು. ಒಂದು ಗಂಟೆಯ ಹೊತ್ತಿಗೆ 1000 ಇದ್ದದ್ದು 7 ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಆದ್ದರಿಂದ ಮೊದಲ 24 ಗಂಟೆ ಒಳಗಿರುವುದೇ ದೊಡ್ಡ ಕೆಲಸ. ಜನ ಎಡವುವುದೂ ಇಲ್ಲೇ: ಮಕ್ಕಳನ್ನು ಕರೆತರಲು ಗಾಡಿ ಹತ್ತುತ್ತಾರೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಧೂಳಿನ ಕೆಳಗೇ ಕೂರುತ್ತಾರೆ. ಶಾಲೆಯಲ್ಲಿರುವ ಮಗು ಶಾಲೆಯ ಕಾಂಕ್ರೀಟ್ ಕಟ್ಟಡದಲ್ಲೇ ಇರಲಿ.

ಸುಮಾರು 6 ಸೆಂ.ಮೀ. ಕಾಂಕ್ರೀಟ್ ಅಥವಾ 9 ಸೆಂ.ಮೀ. ಒತ್ತಿದ ಮಣ್ಣು ವಿಕಿರಣವನ್ನು ಅರ್ಧ ಮಾಡುತ್ತದೆ. ಅಪಾರ್ಟ್‌ಮೆಂಟ್ ಆದರೆ ಬೇಸ್‌ಮೆಂಟ್, ಇಲ್ಲವೇ ನಡುವಿನ ಮಹಡಿಯ ನಟ್ಟನಡುವಿನ ಕೋಣೆ. ಕೊನೆಯ ಮಹಡಿ ಬೇಡ, ತಾರಸಿ ಮೇಲೆ ಧೂಳು ಕೂರುತ್ತದೆ. ಮಂಗಳೂರು ಹೆಂಚಿನ ಮನೆ ಮಳೆಗೆ ಸರಿ, ಇದಕ್ಕೆ ಸಾಲದು. ಪಕ್ಕದ ಆರ್‌ಸಿಸಿ ಕಟ್ಟಡಕ್ಕೆ ಹೋಗಿ.

ಹೊರಗಿನಿಂದ ಬಂದವರು ಬಾಗಿಲಲ್ಲೇ ಮೇಲ್ಬಟ್ಟೆ, ಚಪ್ಪಲಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೂರ ಇಡಬೇಕು. ಅಷ್ಟಕ್ಕೇ ಧೂಳಿನ ಬಹುಪಾಲು ಹೋಗುತ್ತದೆ. ಆಮೇಲೆ ಸೋಪು, ಶಾಂಪೂ ಹಾಕಿ ಸ್ನಾನ, ಚರ್ಮ ಕೆರೆಯುವಂತೆ ಉಜ್ಜಬೇಡಿ. ಮುಚ್ಚಿಟ್ಟ ಅಕ್ಕಿ, ಬೇಳೆ, ಬಾಟಲಿ ನೀರು ಬಳಸಬಹುದು. ತೆರೆದ ತೊಟ್ಟಿಯ ನೀರು ಬೇಡ. ಸ್ನಾನದಲ್ಲಿ ಕೂದಲಿನ ಕಂಡೀಷನರ್ ಮಾತ್ರ ಮುಟ್ಟಬೇಡಿ, ಅದು ಧೂಳನ್ನು ಕೂದಲಿಗೇ ಅಂಟಿಸುತ್ತದೆ.