ಪಕ್ಕದ ಮನೆಯ ಸಾಹಿತಿಯ ನೆನಪು ಜೀವನಚರಿತ್ರೆ ಆಗದಿರಲು

ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಸಾಹಿತಿಯ ನೆನಪು ಬರೆಯಲು ಕೂತರೆ ಅದು ಬರೀ ಜೀವನಚರಿತ್ರೆ ಆಗುತ್ತಿದೆಯೇ? ನನಗೂ ಹೀಗೇ ಆಗಿತ್ತು. ದೊಡ್ಡವರಾದ ಮೇಲೆ ಅವರ ಬಗ್ಗೆ ಓದಿದ್ದು, ಚಿಕ್ಕಂದಿನಲ್ಲಿ ಕಣ್ಣಾರೆ ಕಂಡದ್ದನ್ನು ಮುಚ್ಚಿಬಿಟ್ಟಿರಬೇಕು.

ಮೊದಲು ಅವರ ಪುಸ್ತಕ, ಸಂದರ್ಶನ ಯಾವುದನ್ನೂ ಸ್ವಲ್ಪ ದಿನ ಮುಟ್ಟಬೇಡಿ. ಆಮೇಲೆ ಹಾಳೆಯ ಮೇಲೆ ಎರಡೂ ಮನೆಗಳ ನಕ್ಷೆ ಬರೆಯಿರಿ: ಕಾಂಪೌಂಡ್ ಗೋಡೆ, ಗೇಟು, ಅವರ ಕಿಟಕಿ, ಆಗಿನ ನಿಮ್ಮ ಎತ್ತರಕ್ಕೆ ಏನೇನು ಕಾಣುತ್ತಿತ್ತು ಅನ್ನೋದು. ಹಾಗೆ ಗೇಟು ಗುರುತು ಹಾಕುವಾಗಲೇ ನನಗೆ ಒಂದು ನೆನಪಾಯಿತು. ಚೆಂಡು ಕೇಳಲು ಹೋದರೆ ಅವರು ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ, ಮಾತಾಡದೆ, ಮೂಲೆಯತ್ತ ಕೈ ತೋರಿಸುತ್ತಿದ್ದರು. ಬೆರಳ ತುದಿಯಲ್ಲಿ ನೀಲಿ ಶಾಯಿ. ಇದು ಯಾವ ಪುಸ್ತಕದಲ್ಲೂ ಸಿಗುವಂಥದ್ದಲ್ಲ. ನಿಮ್ಮ ಹತ್ತಿರವೂ ಇಂಥದ್ದು ಖಂಡಿತ ಇದೆ, ಅದನ್ನೇ ಮುಂದಿಡಿ.

ನಂತರ ಪ್ರತಿ ನೆನಪಿನ ಪಕ್ಕ 'ಕಂಡದ್ದು', 'ಮನೆಯವರು ಹೇಳಿದ್ದು', 'ಓದಿದ್ದು' ಅಂತ ಗುರುತು ಮಾಡಿ. 3 ವರ್ಷಕ್ಕಿಂತ ಮುಂಚಿನದು ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ, ಅದು ಬಹುಪಾಲು ಕೇಳಿದ್ದೇ. ಕೆಲವು ಎಲ್ಲಿಗೆ ಸೇರುತ್ತವೆ ಅಂತ ಕೊನೆಗೂ ಗೊತ್ತಾಗದು. ನನಗೂ ಎರಡು ಹಾಗೇ ಉಳಿದವು, 'ಇರಬಹುದು' ಅಂತಲೇ ಬರೆದೆ. ಅವರ ಮಾತುಗಳನ್ನು ಅಕ್ಷರಶಃ ಹೇಳಿದಂತೆ ಉದ್ಧರಿಸಬೇಡಿ, ಭಾವ ತಿಳಿಸಿದರೆ ಸಾಕು.

ಅವರು ನಿಮಗೆ ಬರೆದ ಕಾಗದಗಳಿದ್ದರೆ ಒಂದು ಎಚ್ಚರಿಕೆ: ಕಾಗದ ನಿಮ್ಮದು, ಒಕ್ಕಣೆಯ ಹಕ್ಕುಸ್ವಾಮ್ಯ ಅವರದು. ಪೂರ್ತಿ ಅಚ್ಚು ಹಾಕಿಸುವ ಮೊದಲು ಅವರ, ಅವರಿಲ್ಲದಿದ್ದರೆ ವಾರಸುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.