ಕೇಳುಗರ ಕಟ್ಟೆ: ಹದಿಮೂರರ ಎಣಿಕೆ ಹಿಡಿದು ಅವಾಂಗಾರ್ಡ್ ರಾಕ್‌ನ ಒಳಗೆ

ಪ್ರಶ್ನೆ: ನಾನು ಕಾಲೇಜಿನ ದಿನಗಳಿಂದ ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್ ತಂಡಗಳನ್ನು ಕೇಳುತ್ತ ಬಂದವನು. ಉದ್ದನೆಯ, ಜಟಿಲ ರಚನೆಗಳ ಈ ಪ್ರಾಗ್ರೆಸಿವ್ ರಾಕ್‌ನಲ್ಲಿ ಇನ್ನೂ ಸಾಹಸದ ಕವಲೊಂದಿದೆ, ಅದನ್ನು ಅವಾಂಗಾರ್ಡ್ ಎನ್ನುತ್ತಾರೆ ಎಂದು ತಿಳಿದು, ಗೆಳೆಯರೊಬ್ಬರು ಕೊಟ್ಟ ನೂರು ಆಲ್ಬಂಗಳ ಪಟ್ಟಿಯನ್ನು ದಿನಕ್ಕೊಂದರಂತೆ ಕೇಳತೊಡಗಿದೆ. ಹನ್ನೆರಡನೆಯ ದಿನದ ಹೊತ್ತಿಗೆ ಎಲ್ಲವೂ ಕಲಸುಮೇಲೋಗರವಾಗಿ, ಒಂದೂ ನೆನಪಿನಲ್ಲಿ ಉಳಿದಿಲ್ಲ. ಎಲ್ಲಿಂದ ಆರಂಭಿಸಬೇಕು?
(ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು)

ಉತ್ತರ: ಆ ಪಟ್ಟಿಯನ್ನು ಮಡಚಿ ಸದ್ಯಕ್ಕೆ ಎತ್ತಿಡಿ. ಅದರಲ್ಲಿರುವ ಆಲ್ಬಂಗಳು ಒಳ್ಳೆಯವೇ ಇರಬಹುದು, ಆದರೆ ಈ ಸಂಗೀತ ದಿನಕ್ಕೊಂದರಂತೆ ಕೇಳಿ ಮುಗಿಸುವಂಥದ್ದಲ್ಲ. ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಲ್ಲಿ ಮೊದಲ ಸಲ ರಾಗಂ ತಾನಂ ಪಲ್ಲವಿ ಕೇಳಿದವರು ಯಾರೂ ಅಂದಿನ ಸಂಜೆಯೇ ಪಲ್ಲವಿಯ ಲೆಕ್ಕ ಹಿಡಿದವರಲ್ಲ. ಪಕ್ಕದಲ್ಲಿ ಕುಳಿತ ಹಿರಿಯರ ಕೈಯನ್ನು ನೋಡುತ್ತ, ತಪ್ಪುತ್ತ, ಮತ್ತೆ ಸೇರಿಕೊಳ್ಳುತ್ತ ನಾಲ್ಕಾರು ವರ್ಷ ಕಳೆದ ಮೇಲೆಯೇ ಕಿವಿ ಹದಗೊಳ್ಳುವುದು. ಇಲ್ಲಿಯೂ ಅಷ್ಟೇ ತಾಳ್ಮೆ ಬೇಕು. ಹದಿನೈದು ದಿನಕ್ಕೆ ಒಂದೇ ಆಲ್ಬಂ ಇಟ್ಟುಕೊಳ್ಳಿ, ಅದನ್ನು ಬಿಡದೆ ಕೇಳಿ.

ಮೊದಲನೆಯದಾಗಿ ಕಿಂಗ್ ಕ್ರಿಮ್ಸನ್ ತಂಡದ 1974ರ ‘ರೆಡ್’ ಎಂಬ ಆಲ್ಬಂ ಅನ್ನು ಸೂಚಿಸುತ್ತೇನೆ. ನೀವು ಈಗಾಗಲೇ ಮೆಚ್ಚಿರುವ ಸಂಗೀತಕ್ಕೂ ಮುಂದೆ ಕೇಳಲಿರುವ ಸಂಗೀತಕ್ಕೂ ನಡುವಿನ ಹೊಸ್ತಿಲು ಅದು. ಅದರ ಕೊನೆಯ ರಚನೆಯಾದ ‘ಸ್ಟಾರ್‌ಲೆಸ್’ ಹನ್ನೆರಡು ನಿಮಿಷಗಳಷ್ಟು ಉದ್ದವಿದ್ದು, ಆರಂಭದಲ್ಲಿ ಮೆಲೊಟ್ರಾನ್ (ಟೇಪಿನಲ್ಲಿ ಮುದ್ರಿಸಿದ ವಾದ್ಯಗಳ ದನಿ ಹೊರಡಿಸುವ ಕೀಬೋರ್ಡ್) ನಾದದ ಮೇಲೆ ಜಾನ್ ವೆಟನ್ ನಿಧಾನವಾಗಿ ಹಾಡುವ ವಿಷಾದದ ಹಾಡಿನಂತೆ ತೋರುತ್ತದೆ. ನಾಲ್ಕೂವರೆ ನಿಮಿಷದ ಸುಮಾರಿಗೆ ಹಾಡು ನಿಂತು, ಬೇಸ್ ಗಿಟಾರ್ ಒಂದೇ ವಾಕ್ಯವನ್ನು ತಿರುತಿರುಗಿ ನುಡಿಸತೊಡಗುತ್ತದೆ. ಆ ಘಳಿಗೆಯಲ್ಲಿ ಕೈಬೆರಳು ಎಣಿಸಲು ಆರಂಭಿಸಿ. ನಾಲ್ಕಕ್ಕೂ ಎಂಟಕ್ಕೂ ಅದು ಒಗ್ಗುವುದಿಲ್ಲ, ಒಂದು ಆವರ್ತಕ್ಕೆ 13 ಎಣಿಕೆ ಬೇಕು. ತಕಧಿಮಿ ತಕಧಿಮಿ ತಕತಕಿಟ ಎಂದು ಬಾಯಲ್ಲಿ ಹೇಳಿಕೊಂಡರೆ ನಾಲ್ಕು, ನಾಲ್ಕು, ಐದು ಸೇರಿ ಲೆಕ್ಕ ಸರಿಹೋಗುತ್ತದೆ. ನಮ್ಮ 35 ತಾಳಗಳಲ್ಲಿ ಸಂಕೀರ್ಣ ಜಾತಿ ತ್ರಿಪುಟಕ್ಕೂ ಒಂಬತ್ತರ ಲಘು ಮತ್ತು ಎರಡೆರಡರ ಎರಡು ದ್ರುತಗಳಿಂದ 13 ಅಕ್ಷರಗಳೇ ಬರುತ್ತವೆ. ಒಳಗಿನ ವಿಭಜನೆ ಬೇರೆಯಾದರೂ, ಆವರ್ತ ಮುಗಿದು ಮತ್ತೆ ಸಮಕ್ಕೆ ಬಂದು ಬೀಳುವಾಗಿನ ಸುಖ ಒಂದೇ. ಈ ಎಣಿಕೆಯ ಮೇಲೆ ರಾಬರ್ಟ್ ಫ್ರಿಪ್ ಅವರ ಗಿಟಾರ್ ಬಹಳ ಹೊತ್ತು ಹೆಚ್ಚುಕಡಿಮೆ ಒಂದೇ ಸ್ವರವನ್ನು ಮಿಡಿಯುತ್ತ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಬಿಲ್ ಬ್ರೂಫರ್ಡ್ ಅವರ ತಾಳವಾದ್ಯ ಮೊದಲು ಅಲ್ಲೊಂದು ಇಲ್ಲೊಂದು ಪೆಟ್ಟು ಹಾಕಿ, ಕ್ರಮೇಣ ತುಂಬಿಕೊಳ್ಳುತ್ತದೆ. ನಾಲ್ಕು ನಿಮಿಷಗಳಿಗೂ ಹೆಚ್ಚು ಕಾಲ ಹೀಗೆ ಕಟ್ಟಿದ ಒತ್ತಡ ಒಡೆದು, ಸ್ಯಾಕ್ಸಫೋನಿನ ಭೋರ್ಗರೆತವೆಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ ಮೊದಲಿನ ವಿಷಾದದ ಧಾಟಿಯೇ ದೊಡ್ಡ ದನಿಯಲ್ಲಿ ಹಿಂದಿರುಗುತ್ತದೆ. ಎಣಿಸುತ್ತ ಕೇಳಿದವರಿಗೆ ಆ ಹಿಂದಿರುಗುವಿಕೆ ಕೊಡುವ ಸಮಾಧಾನ, ಸುಮ್ಮನೆ ಕಿವಿಗೊಟ್ಟವರಿಗೆ ದಕ್ಕುವುದು ಕಷ್ಟವೆಂದು ನನ್ನ ಅನುಭವ.

ಆಮೇಲೆ ಅದೇ ತಂಡದ 1973ರ ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’, ಅದರ ಬೆನ್ನಿಗೆ ಸಾಫ್ಟ್ ಮೆಷೀನ್ ತಂಡದ 1970ರ ‘ಥರ್ಡ್’ ಕೇಳಬಹುದು. ಎರಡನೆಯದು ಜೋಡಿ ಎಲ್‌ಪಿ, ಮಗ್ಗುಲಿಗೆ ಒಂದೇ ರಚನೆಯಂತೆ ಒಟ್ಟು ನಾಲ್ಕೇ ರಚನೆಗಳು. ಇಷ್ಟಾದ ಮೇಲೆ ಹೆನ್ರಿ ಕೌ ತಂಡಕ್ಕೆ ಬನ್ನಿ. 1968ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಫ್ರಿತ್ ಮತ್ತು ಟಿಮ್ ಹಾಜ್‌ಕಿನ್ಸನ್ ಕಟ್ಟಿದ ಈ ತಂಡದ ಮೊದಲ ಆಲ್ಬಂ ‘ಲೆಜೆಂಡ್’ 1973ರಲ್ಲಿ ಬಂತು. ಆ ಹೆಸರನ್ನು ಒಡೆದು ‘ಲೆಗ್ ಎಂಡ್’ ಎಂದು ಓದಿದರೆ ಕಾಲಿನ ತುದಿ ಎಂಬ ಅರ್ಥ ಬರುತ್ತದೆ, ಹೊದಿಕೆಯ ಮೇಲೆ ಹೆಣೆದ ಕಾಲುಚೀಲದ ಚಿತ್ರವಿದೆ.

ಹೆನ್ರಿ ಕೌ ಕೇಳುವಾಗ ನಿಮಗೆ ನಿಜವಾದ ಕಷ್ಟ ಎದುರಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಾಳದ ಲೆಕ್ಕದಲ್ಲಿ ನಮ್ಮ ಕೇಳ್ಮೆ ನಮ್ಮ ಕೈಹಿಡಿಯುತ್ತದೆ, ಶ್ರುತಿಯ ವಿಷಯದಲ್ಲಿ ಅದೇ ಕೇಳ್ಮೆ ಅಡ್ಡ ಬರುತ್ತದೆ. ತಂಬೂರಿಯ ಷಡ್ಜದ ಮೇಲೆ ಬೆಳೆದ ಕಿವಿ ಎಲ್ಲ ಸ್ವರಗಳನ್ನೂ ಒಂದು ಆಧಾರಕ್ಕೆ ಹೋಲಿಸಿ ಅಳೆಯುತ್ತದೆ. ಈ ತಂಡವೋ ಆ ಆಧಾರವನ್ನು ಉದ್ದೇಶಪೂರ್ವಕವಾಗಿ ಸರಿಸುತ್ತಲೇ ಇರುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಒಂದು ಸಲದ ಕೇಳ್ಮೆಗೆ ಒಂದೇ ವಾದ್ಯವನ್ನು ಹಿಂಬಾಲಿಸುವುದು. 1974ರ ‘ಅನ್‌ರೆಸ್ಟ್’ ಆಲ್ಬಂ ಅನ್ನು ಒಂದು ದಿನ ಲಿಂಡ್ಸೆ ಕೂಪರ್ ಅವರ ಬಸೂನ್ ಎಂಬ ತಗ್ಗಿದ ದನಿಯ ಊದುವಾದ್ಯಕ್ಕಾಗಿ ಮಾತ್ರ ಕೇಳಿ, ಮರುದಿನ ಕ್ರಿಸ್ ಕಟ್ಲರ್ ಅವರ ಡ್ರಮ್ಸ್‌ಗಾಗಿ ಕೇಳಿ, ಮೂರನೆಯ ದಿನ ಗಿಟಾರ್‌ಗಾಗಿ ಕೇಳಿ. ನಾಲ್ಕನೆಯ ದಿನ ಇವೆಲ್ಲ ಒಂದರೊಡನೊಂದು ಮಾತಾಡುತ್ತಿರುವುದು ತಾನಾಗಿ ಕೇಳಿಸುತ್ತದೆ. ಈ ಆಲ್ಬಂ ಧ್ವನಿಮುದ್ರಿಸುವ ಹೊತ್ತಿಗೆ ತಂಡದ ಬಳಿ ಒಂದು ಮಗ್ಗುಲಿಗೆ ಸಾಕಾಗುವಷ್ಟೇ ರಚನೆಗಳು ಸಿದ್ಧವಿದ್ದವು. ಎರಡನೆಯ ಮಗ್ಗುಲನ್ನು ಅವರು ಸ್ಟುಡಿಯೋದಲ್ಲೇ ಮನೋಧರ್ಮದಿಂದ ನುಡಿಸಿ, ಟೇಪುಗಳನ್ನು ಕತ್ತರಿಸಿ, ವೇಗ ಬದಲಿಸಿ, ಒಂದರ ಮೇಲೊಂದು ಪೇರಿಸಿ ಕಟ್ಟಿದರು. ಬರೆದು ಅಭ್ಯಾಸ ಮಾಡಿದ್ದು ಹಾಗೂ ಆ ಕ್ಷಣಕ್ಕೆ ಹುಟ್ಟಿದ್ದು ಒಂದೇ ತಟ್ಟೆಯ ಎರಡು ಮಗ್ಗುಲುಗಳಲ್ಲಿ ಸಿಗುವುದರಿಂದ, ಈ ಕವಲನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೇಲ್ಭಾಗದಲ್ಲೇ ಇರುವ ಕ್ಯಾಪ್ಟನ್ ಬೀಫ್‌ಹಾರ್ಟ್ ಅವರ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ವನ್ನು, ಅದು 1969ರ ಮಹತ್ವದ ಕೃತಿಯೇ ಆದರೂ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ರಾಕ್ ಇನ್ ಆಪೊಸಿಷನ್ ಎಂಬುದು ಒಂದು ತಂಡದ ಹೆಸರೇ, ಒಂದು ಶೈಲಿಯೇ ಅಥವಾ ರಾಜಕೀಯ ಚಳವಳಿಯೇ? ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ.
(ವಿದ್ಯಾರ್ಥಿನಿ, ಜಯನಗರ)

ಉತ್ತರ: ಆರಂಭದಲ್ಲಿ ಅದು ಒಂದು ಸಂಗೀತೋತ್ಸವದ ಹೆಸರು. 1978ರ ಮಾರ್ಚ್ 12ರಂದು ಲಂಡನ್ನಿನ ನ್ಯೂ ಲಂಡನ್ ಥಿಯೇಟರಿನಲ್ಲಿ ಹೆನ್ರಿ ಕೌ ತಂಡದವರು ಯುರೋಪಿನ ಇತರ ನಾಲ್ಕು ತಂಡಗಳನ್ನು ಕರೆಸಿ ಕಛೇರಿ ಏರ್ಪಡಿಸಿದರು. ಇಟಲಿಯ ಸ್ಟಾರ್ಮಿ ಸಿಕ್ಸ್, ಸ್ವೀಡನ್ನಿನ ಸಾಮ್ಲಾ ಮಾಮ್ಮಾಸ್ ಮಾನ್ನಾ, ಬೆಲ್ಜಿಯಮ್ಮಿನ ಯೂನಿವರ್ ಝೀರೊ, ಫ್ರಾನ್ಸಿನ ಎತ್ರಾನ್ ಫೂ ಲೆಲೂಬ್ಲಾನ್ ಆ ನಾಲ್ಕು ತಂಡಗಳು. ರೆಕಾರ್ಡ್ ಕಂಪನಿಗಳು ನೀವು ಕೇಳಬಾರದೆಂದು ಬಯಸುವ ಸಂಗೀತ ಎಂಬುದು ಅವರ ಘೋಷವಾಕ್ಯವಾಗಿತ್ತು. ವಿರೋಧ ಇದ್ದದ್ದು ಸಂಗೀತದ ವ್ಯಾಪಾರ ವ್ಯವಸ್ಥೆಗೆ, ಕೇಳುಗರಿಗಲ್ಲ. ಇಂಗ್ಲಿಷಿನಲ್ಲಿ ಹಾಡದ, ದೊಡ್ಡ ಕಂಪನಿಗಳ ಬೆಂಬಲವಿಲ್ಲದ ತಂಡಗಳು ತಮ್ಮ ಊರಿನ ಧಾಟಿಯನ್ನೇ ಹಿಡಿದು ಒಬ್ಬರಿಗೊಬ್ಬರು ನೆರವಾಗಬೇಕು ಎಂಬ ಆಲೋಚನೆ ಅದರ ಹಿಂದೆ ಇತ್ತು. ಅದೇ ವರ್ಷ ಕ್ರಿಸ್ ಕಟ್ಲರ್ ಇಂಥ ಆಲ್ಬಂಗಳನ್ನು ಜನರಿಗೆ ತಲುಪಿಸಲು ರೆಕಮೆಂಡೆಡ್ ರೆಕಾರ್ಡ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು.

ಸಂಘಟನೆಯಾಗಿ ಅದು ಹೆಚ್ಚು ಕಾಲ ಬಾಳಲಿಲ್ಲ, ಹೆಸರು ಮಾತ್ರ ಉಳಿದು ಕ್ರಮೇಣ ಒಂದು ಶೈಲಿಯ ಹೆಸರಾಯಿತು. ಈ ಬಳಕೆ ನನಗೆ ಅಷ್ಟು ಒಪ್ಪಿಗೆಯಿಲ್ಲ, ಏಕೆಂದರೆ ಆ ಐದು ತಂಡಗಳನ್ನು ಒಂದೇ ಶೈಲಿಗೆ ಕಟ್ಟಿಹಾಕಲಾಗುವುದಿಲ್ಲ. ಸಾಮ್ಲಾದ 1973ರ ‘ಮೋಲ್ತೀದ್’, ಅಂದರೆ ಊಟ, ಲಾರ್ಸ್ ಹೋಲ್ಮರ್ ಅವರ ಕೀಬೋರ್ಡಿನಿಂದಾಗಿ ಹಳ್ಳಿಯ ಹಬ್ಬದ ಲವಲವಿಕೆಯಿಂದ ಕುಣಿಯುತ್ತದೆ. ಸ್ಟಾರ್ಮಿ ಸಿಕ್ಸ್‌ನ 1975ರ ಆಲ್ಬಂ ಇಟಲಿಯ ಫ್ಯಾಸಿಸ್ಟ್ ವಿರೋಧಿ ಹೋರಾಟವನ್ನು ಹಾಡಿಕೊಳ್ಳುತ್ತದೆ. ನೀವು ವಿದ್ಯಾರ್ಥಿನಿಯಾಗಿರುವುದರಿಂದ ಒಂದು ಸಲಹೆ: ‘ಮೋಲ್ತೀದ್’ನಿಂದ ಆರಂಭಿಸಿ, ಈ ಸಂಗೀತವೆಂದರೆ ಹುಬ್ಬುಗಂಟಿಕ್ಕಿ ಕೇಳಬೇಕಾದದ್ದು ಎಂಬ ಭಯ ಅಲ್ಲಿಗೇ ಹೋಗುತ್ತದೆ.

ಪ್ರಶ್ನೆ: ನಾನು ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಪಾಠ ಹೇಳಿದವಳು. ಮೊಮ್ಮಗ ಮಾಗ್ಮಾ ಎಂಬ ತಂಡದ ಹಾಡನ್ನು ಹಾಕುತ್ತಾನೆ. ಯಾವ ಭಾಷೆಯಪ್ಪಾ ಎಂದರೆ, ಇದು ಲೋಕದಲ್ಲೇ ಇಲ್ಲದ ಭಾಷೆ ಅಜ್ಜೀ ಎನ್ನುತ್ತಾನೆ. ಅರ್ಥವಿಲ್ಲದ್ದನ್ನು ಅಷ್ಟು ಆವೇಶದಿಂದ ಹಾಡುವುದೇಕೆ?
(ಹಿರಿಯ ಓದುಗರು, ಬಸವನಗುಡಿ)

ಉತ್ತರ: ತಮ್ಮ ಮೊಮ್ಮಗ ಹೇಳಿದ್ದು ನಿಜ, ಅಮ್ಮಾ. 1969ರಲ್ಲಿ ಪ್ಯಾರಿಸ್ಸಿನಲ್ಲಿ ಮಾಗ್ಮಾ ತಂಡವನ್ನು ಕಟ್ಟಿದ ಡ್ರಮ್ಸ್ ವಾದಕ ಕ್ರಿಸ್ಟಿಯಾನ್ ವಾಂದೇರ್, ತಮ್ಮ ಸಂಗೀತಕ್ಕೆ ಫ್ರೆಂಚ್ ಭಾಷೆ ಒಗ್ಗುವುದಿಲ್ಲವೆನಿಸಿ ಕೊಬಾಯನ್ ಎಂಬ ಭಾಷೆಯನ್ನು ತಾವೇ ರೂಪಿಸಿಕೊಂಡರು. ಭೂಮಿಯನ್ನು ತೊರೆದ ಕೆಲವರು ಕೊಬಾಯ ಎಂಬ ಗ್ರಹದಲ್ಲಿ ನೆಲೆಸುವ ಕಥೆ 1970ರ ಮೊದಲ ಆಲ್ಬಂನಲ್ಲಿ ಬರುತ್ತದೆ. ಆ ಜನರ ಭಾಷೆ ಅದು. ಈ ಬಗೆಯ ಸಂಗೀತಕ್ಕೆ ಬಂದಿರುವ ಝೂಲ್ ಎಂಬ ಹೆಸರೂ ಆ ಭಾಷೆಯದ್ದೇ.

ತಾವು ತಿಲ್ಲಾನ ಕಲಿಸಿದವರು. ಧೀಂ ತನನ ಎಂಬಲ್ಲಿ ಮಕ್ಕಳು ಯಾರಾದರೂ ಅರ್ಥ ಕೇಳಿದ್ದುಂಟೇ? ಅಲ್ಲಿ ಅಕ್ಷರ ತಾಳವನ್ನು ಹೊರುತ್ತದೆ, ಕಂಠಕ್ಕೆ ಬೇಕಾದ ಒತ್ತನ್ನು ಕೊಡುತ್ತದೆ. ಮಾಗ್ಮಾದಲ್ಲಿಯೂ ಗಡುಸಾದ ವ್ಯಂಜನಗಳು ಡ್ರಮ್ಸ್‌ನ ಪೆಟ್ಟಿನೊಂದಿಗೆ ಸೇರಿಕೊಂಡು ಆ ಕೆಲಸವನ್ನೇ ಮಾಡುತ್ತವೆ. ವ್ಯತ್ಯಾಸವೆಂದರೆ ಅದನ್ನು ಕಟ್ಟಿದವರ ಮಟ್ಟಿಗೆ ಆ ಪದಗಳಿಗೆ ಅರ್ಥವೂ ಇದೆ. 1973ರ ‘ಮೆಕಾನಿಕ್ ಡಿಸ್ಟ್ರುಕ್ಟಿವ್ ಕೊಮಾಂಡೊ’ ಆಲ್ಬಂ ಅನ್ನು ಮೊಮ್ಮಗನೊಂದಿಗೆ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಕೇಳಬೇಕೆಂದು ವಿನಂತಿ. ಸುಮಾರು ನಲವತ್ತು ನಿಮಿಷಗಳ ಒಂದೇ ಪ್ರವಾಹ ಅದು. ಚಿಕ್ಕ ಪದಗುಚ್ಛವೊಂದನ್ನು ಹಿಡಿದು ಸಮೂಹಗಾಯನ ಮತ್ತೆ ಮತ್ತೆ ಸುತ್ತುತ್ತ, ಪ್ರತಿ ಸುತ್ತಿಗೂ ಸ್ವಲ್ಪ ಏರುತ್ತ, ಭಜನೆಯ ಕೊನೆಯಲ್ಲಿ ಕಾಲ ಏರಿದಾಗ ಆಗುವಂತೆ ಎಲ್ಲರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕೆಲವೆಡೆ ಅದರ ಗಡಸು ಹಿಂಸೆಯೆನಿಸಬಹುದು, ಅಲ್ಲಿ ದನಿಯನ್ನು ತಗ್ಗಿಸಿಕೊಂಡು ಕೇಳಿದರೂ ತಪ್ಪಿಲ್ಲ.

ಪ್ರಶ್ನೆ: ಬಸೂನ್, ಪಿಟೀಲು, ಹಾರ್ಮೋನಿಯಂ ನುಡಿಸುವ ತಂಡವನ್ನು ರಾಕ್ ತಂಡ ಎಂದು ಕರೆಯುವುದು ಹೇಗೆ?
(ಓದುಗರೊಬ್ಬರು, ಯಲಹಂಕ)

ಉತ್ತರ: ನೀವು ಯೂನಿವರ್ ಝೀರೊ ತಂಡವನ್ನು ಕುರಿತು ಕೇಳಿದ್ದೀರಿ ಎಂದುಕೊಳ್ಳುತ್ತೇನೆ. ಡ್ರಮ್ಸ್ ವಾದಕ ಡೇನಿಯಲ್ ಡೆನಿ ಅವರ ನೇತೃತ್ವದ ಈ ಬೆಲ್ಜಿಯನ್ ತಂಡದ ಮೊದಲ ಆಲ್ಬಂ 1977ರಲ್ಲಿ, ‘ಎರೆಸೀ’ ಎಂಬ ಎರಡನೆಯದು 1979ರಲ್ಲಿ ಬಂದವು. ಬಾರ್ಟಾಕ್, ಸ್ಟ್ರಾವಿನ್ಸ್ಕಿ ಮೊದಲಾದ ಪಾಶ್ಚಾತ್ಯ ಶಾಸ್ತ್ರೀಯ ರಚನಕಾರರ ಪ್ರಭಾವ ಅವರ ಮೇಲೆ ಹೆಚ್ಚು. ಆದರೂ ರಚನೆಯನ್ನು ಹೊತ್ತು ನಡೆಸುವುದು ಬೇಸ್ ಗಿಟಾರ್ ಮತ್ತು ಡ್ರಮ್ಸ್, ಅದರ ತೂಕ ರಾಕ್‌ನ ತೂಕ. ವಾದ್ಯಗಳ ಪಟ್ಟಿಯಿಂದ ಸಂಗೀತದ ಜಾತಿ ನಿರ್ಧಾರವಾಗುವುದಿಲ್ಲ.

ಮಲ್ಲೇಶ್ವರದ ಗೆಳೆಯರೊಬ್ಬರ ಮನೆಯಲ್ಲಿ, ಮಳೆ ಹಿಡಿದ ಒಂದು ಸಂಜೆ, ಈ ತಂಡದ ಮೊದಲ ಆಲ್ಬಂ ಅನ್ನು ನಾನು ಕೇಳಿದೆ. ಒಳಕೋಣೆಯಿಂದ ಬಂದ ಗೆಳೆಯರ ತಾಯಿ ಬಾಗಿಲಲ್ಲೇ ನಿಂತು, ‘ಯಾರಪ್ಪ ಹಾರ್ಮೋನಿ ಹಿಡ್ಕೊಂಡು ಇಷ್ಟು ಸಂಕಟ ಪಡ್ತಿರೋದು?’ ಎಂದು ಕೇಳಿದರು. ಕಂಪನಿ ನಾಟಕಗಳನ್ನು ಕಂಡು ಬೆಳೆದ ಅವರ ಕಿವಿಗೆ, ಅಷ್ಟೊಂದು ವಾದ್ಯಗಳ ನಡುವೆ ಎಳೆಯಷ್ಟೇ ಕೇಳಿಸುತ್ತಿದ್ದ ಹಾರ್ಮೋನಿಯಂ ಮೊದಲು ಸಿಕ್ಕಿತ್ತು. ನನಗೆ ಅದುವರೆಗೂ ಅದು ಕೇಳಿಸಿರಲಿಲ್ಲ. ಅಂದಿನಿಂದ ಈ ಆಲ್ಬಂ ಅನ್ನು ಆ ಎಳೆ ಹಿಡಿದೇ ಕೇಳುತ್ತ ಬಂದಿದ್ದೇನೆ. ನೀವೂ ಹಾಗೆ ಕೇಳಿ ನೋಡಿ. ‘ಎರೆಸೀ’ಯ ಮೊದಲ ರಚನೆಯೇ ಇಪ್ಪತ್ತೈದು ನಿಮಿಷಗಳಷ್ಟಿದ್ದು ತುಂಬ ಕತ್ತಲೆಯ ಮನಃಸ್ಥಿತಿಯದ್ದಾದ್ದರಿಂದ, ಅದನ್ನು ಹಗಲಿನಲ್ಲಿ ಕೇಳುವುದು ಒಳ್ಳೆಯದು.

ಪ್ರಶ್ನೆ: ಇವನ್ನು ಕೇಳಲು ದುಬಾರಿ ಸಲಕರಣೆ, ಎಲ್‌ಪಿ ತಟ್ಟೆಗಳು ಬೇಕೇ ಬೇಕೇ?
(ಓದುಗರೊಬ್ಬರು, ಕೆಂಗೇರಿ)

ಉತ್ತರ: ಬೇಡ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಬೇಸ್ ಮತ್ತು ಬಸೂನ್ ಎರಡೂ ಅದರಲ್ಲಿ ಕಾಣೆಯಾಗುತ್ತವೆ. ಸಾಧಾರಣ ಬೆಲೆಯ ಒಳ್ಳೆಯ ಹೆಡ್‌ಫೋನ್ ಸಾಕು. ಮೆಟ್ರೋದಲ್ಲಿ ಓಡಾಡುವಾಗ ಹೊಸ ಆಲ್ಬಂ ಕೇಳಬೇಡಿ, ಮೊದಲೇ ಮನೆಯಲ್ಲಿ ಕೇಳಿದ್ದನ್ನು ಅಲ್ಲಿ ಮೆಲುಕು ಹಾಕಬಹುದು.

ಪ್ರಶ್ನೆ: ಈ ಪ್ರಪಂಚದೊಂದಿಗೆ ನಮ್ಮ ಬೆಂಗಳೂರಿಗೆ ಏನಾದರೂ ನೇರ ಸಂಬಂಧವಿದೆಯೇ?
(ಮೃದಂಗ ಕಲಿಯುತ್ತಿರುವ ಓದುಗರು, ಹನುಮಂತನಗರ)

ಉತ್ತರ: ಇದೆ, ಅದೂ ನಿಮ್ಮ ವಾದ್ಯದ ಮೂಲಕವೇ ಇದೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸ್ಥಾಪಿಸಿದರು. ಕ್ರಿಸ್ಟಿಯಾನ್ ಬುರ್ಖಾರ್ಡ್ 1969ರಲ್ಲಿ ಕಟ್ಟಿದ ಮ್ಯೂನಿಕ್ಕಿನ ಎಂಬ್ರಿಯೊ ಎಂಬ ಪ್ರಯೋಗಶೀಲ ರಾಕ್ ತಂಡ ಈ ಸಂಸ್ಥೆಯ ಕಲಾವಿದರೊಂದಿಗೆ ಸೇರಿ 1980ರಲ್ಲಿ ‘ಲೈಫ್’ ಎಂಬ ಆಲ್ಬಂ ಹೊರತಂದಿತು. ಎಂಬ್ರಿಯೊ ಜೊತೆ ನುಡಿಸಿದ್ದ ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರವನ್ನೂ ಕಲಿತವರು. ಅವರು ಇದೇ ಸಂಸ್ಥೆಯೊಂದಿಗೆ ಧ್ವನಿಮುದ್ರಿಸಿದ ‘ಜ್ಯೋತಿ’ 1983ರಲ್ಲಿ ಬಂತು. ಅದನ್ನು ರಾಕ್ ಎಂದು ಕರೆಯಲಾಗದು, ಆದರೆ ಆರ್.ಎ. ರಾಮಮಣಿಯವರ ಗಾಯನಕ್ಕೆ ಸ್ಯಾಕ್ಸಫೋನ್ ತಗ್ಗಿದ ದನಿಯಲ್ಲಿ ಜೊತೆಗೂಡುವುದನ್ನೂ, ಕೊನ್ನಕೋಲು (ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳು) ಮತ್ತು ಮೃದಂಗ ಒಂದನ್ನೊಂದು ಪ್ರಶ್ನಿಸುವುದನ್ನೂ ಕೇಳಿದ ಬಳಿಕ ಎಂಬ್ರಿಯೊ ಜೊತೆಗಿನ ಆಲ್ಬಂಗೆ ಹೋದರೆ, ಅಲ್ಲಿ ಡ್ರಮ್ಸ್ ಎಲ್ಲೆಲ್ಲಿ ಮೃದಂಗಕ್ಕೆ ಜಾಗ ಬಿಟ್ಟುಕೊಡುತ್ತದೆ, ಎಲ್ಲೆಲ್ಲಿ ಅದರ ಜೊತೆಗೇ ನಡೆಯುತ್ತದೆ ಎಂಬುದು ನಿಮ್ಮಂಥ ವಿದ್ಯಾರ್ಥಿಗೆ ಬೇಗ ತಿಳಿಯುತ್ತದೆ. ತಾಳ ಹಾಕುತ್ತ ಕೇಳಿ, ಎಲ್ಲಿ ತಪ್ಪಿತೆಂದು ಗುರುತು ಹಾಕಿಕೊಂಡು ನಿಮ್ಮ ಗುರುಗಳಿಗೂ ಕೇಳಿಸಿ, ಅವರು ಏನೆಂದರೆಂದು ನಮಗೆ ಬರೆಯಿರಿ.